ಮೊದಲು ಎತ್ತಿದ್ದು ಸೈಕಲ್ಲನ್ನು

ಪ್ರೀತಿಯ ಮಗಳಿಗೆ,

ನೀನು ಹಾಸ್ಟೆಲ್‌ನಲ್ಲಿದ್ದ ವರ್ಷಗಳಲ್ಲಿ ನಾನು ಬರೆದ ಪತ್ರಗಳೆಲ್ಲವೂ ‘ಚಿರಂಜೀವಿ’ ಎಂದೇ ಆರಂಭವಾಗುತ್ತಿದ್ದವು. ಇಂದು ಆ ಪದವನ್ನು ಬಿಟ್ಟು ‘ಪ್ರೀತಿಯ’ ಎಂದು ಬರೆಯಲು ಕೈ ಸ್ವಲ್ಪ ತಡವರಿಸಿತು. ಭಾನುವಾರ ರಾತ್ರಿ ನಮ್ಮಿಬ್ಬರ ನಡುವೆ ಆದ ಮಾತುಕತೆಯನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ಇಬ್ಬರಿಗೂ ಅದು ನೆನಪಿದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ‘ಒಬ್ಬ ಮನುಷ್ಯನ ಬಗ್ಗೆ ಹೇಳಿದರೆ ಅವನ ಸಂಬಳ ಕೇಳುತ್ತೀರಿ. ಪ್ರೀತಿ ಅಂದರೆ ಏನು ಅಂತ ನಿಮಗೆ ಗೊತ್ತಿದೆಯಾ ಅಪ್ಪಾ?’ ಎಂದು ಕೇಳಿದೆಯಲ್ಲ, ಆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕಾಗಿದೆ. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ನಿನಗೆ ಒಂಬತ್ತು ವರ್ಷವಾಗಿದ್ದಾಗ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದೆ. ಹಿಂದೆಯೇ ಬರುತ್ತಿದ್ದ ನಾನು ಓಡಿ ಬಂದವನು, ಮೊದಲು ಎತ್ತಿದ್ದು ಸೈಕಲ್ಲನ್ನು. ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಸೊಟ್ಟಗಾಗಿದ್ದ ಹ್ಯಾಂಡಲನ್ನು ನೆಟ್ಟಗೆ ಮಾಡಿದೆ, ಕಳಚಿದ್ದ ಚೈನನ್ನು ಹಲ್ಲಿಗೆ ಕೂರಿಸಿ ಪೆಡಲನ್ನು ಒಂದು ಸುತ್ತು ತಿರುಗಿಸಿ ನೋಡಿದೆ. ಆಮೇಲೆ ತಿರುಗಿದರೆ, ನೀನು ರಸ್ತೆಯಂಚಿನಲ್ಲಿ ಕುಳಿತು ಮೊಣಕಾಲಿಗೆ ಅಂಟಿದ್ದ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದೆ. ಅಳುತ್ತಿರಲಿಲ್ಲ. ನೀನು ಅತ್ತಿದ್ದರೆ ನನಗೆ ಇದು ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಸೈಕಲ್ ನಿನಗಿಂತ ಹೆಚ್ಚು ಎಂದಲ್ಲ. ರಕ್ತ ಕಂಡು ನನ್ನ ಕೈ ನಡುಗುತ್ತಿತ್ತು. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವುದೊಂದೇ ಆ ಕೈಗಳಿಗೆ ಗೊತ್ತಿದ್ದ ಕೆಲಸ. ಹೀಗೆಂದು ಹತ್ತೊಂಬತ್ತು ವರ್ಷಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಇದು ನಿಜವೋ, ನಾನು ಕಟ್ಟಿಕೊಂಡ ಸಮರ್ಥನೆಯೋ ಈಗ ನನಗೇ ತಿಳಿಯದು.

ನೀನು ಹೋದ ಮೇಲೆ ನಿನ್ನ ಕಪಾಟಿನಲ್ಲಿದ್ದ ಮನಶ್ಶಾಸ್ತ್ರದ ಪಠ್ಯಪುಸ್ತಕವನ್ನು ತೆಗೆದು ಓದಿದೆ (ಕೇಳದೆ ತೆಗೆದದ್ದಕ್ಕೆ ಕ್ಷಮೆಯಿರಲಿ). ಹ್ಯಾರಿ ಹಾರ್ಲೋ ಎಂಬ ಅಮೆರಿಕದ ವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಪ್ರಯೋಗದ ಭಾಗಕ್ಕೆ ನೀನು ಪೆನ್ಸಿಲ್‌ನಿಂದ ಗೆರೆ ಎಳೆದಿದ್ದೀಯೆ. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳಿಗೆ ಆತ ಎರಡು ಕೃತಕ ತಾಯಂದಿರನ್ನು ಕೊಟ್ಟ: ಒಂದು ಬರೀ ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಸುತ್ತಿದ್ದು. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿದ್ದಾಗಲೂ ಮರಿಗಳು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿದ್ದು, ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನು ತಬ್ಬಿಕೊಂಡಿರುತ್ತಿದ್ದವು. ಹೆದರಿದಾಗ ಓಡಿಹೋಗುತ್ತಿದ್ದುದೂ ಅದರ ಬಳಿಗೇ. ಕ್ರೂರ ಪ್ರಯೋಗ. ಆದರೂ ಓದಿ ಪುಸ್ತಕ ಮುಚ್ಚಿದಾಗ ನನಗೆ ಆ ಮರಿಗಳಿಗಿಂತ ತಂತಿಯ ತಾಯಿಯೇ ಹೆಚ್ಚು ಪರಿಚಿತಳೆನಿಸಿದಳು. ಫೀಸನ್ನು ಒಂದು ದಿನವೂ ತಡಮಾಡದೆ ಕಟ್ಟಿದ್ದೇನೆ, ನಿನ್ನ ಮೇಜಿನ ದೀಪ ಕೆಟ್ಟರೆ ಅಂದೇ ಸರಿಮಾಡಿದ್ದೇನೆ. ನೀನು ಹೆದರಿದಾಗ ಓಡಿದ್ದು ಮಾತ್ರ ಅಮ್ಮನ ಬಳಿಗೆ.

ಹಾಗೆಂದು ನನ್ನದು ಪ್ರೀತಿಯೇ ಅಲ್ಲ ಎಂದು ಒಪ್ಪಲಾರೆ. ಗ್ರೀಕರು ಎರೋಸ್, ಫಿಲಿಯಾ, ಸ್ಟೋರ್ಗೆ, ಅಗಾಪೆ ಎಂದು ಪ್ರೀತಿಗೆ ಬೇರೆ ಬೇರೆ ಹೆಸರಿಟ್ಟುಕೊಂಡಿದ್ದರು. ನಮಗೂ ಹೆಸರುಗಳಿಗೆ ಬಡತನವಿಲ್ಲ. ಒಲವು, ಅಕ್ಕರೆ, ಕಕ್ಕುಲಾತಿ ಒಂದೊಂದಕ್ಕೂ ಅದರದೇ ಜಾಗವಿದೆ. ವಾತ್ಸಲ್ಯ ಬಂದದ್ದು ಕರು ಎಂಬರ್ಥದ ‘ವತ್ಸ’ದಿಂದ. ಸ್ನೇಹ ಎಂಬುದಕ್ಕೆ ಸಂಸ್ಕೃತದಲ್ಲಿ ಎಣ್ಣೆ, ಜಿಡ್ಡು ಎಂಬ ಅರ್ಥವೂ ಇದೆ. ನೀನು ಬಿದ್ದ ಆ ರಾತ್ರಿ, ಎಲ್ಲರೂ ಮಲಗಿದ ಮೇಲೆ, ನಾನು ಟಾರ್ಚನ್ನು ಬಾಯಲ್ಲಿ ಕಚ್ಚಿ ಹಿಡಿದು ಚೈನಿನ ಕೊಂಡಿ ಕೊಂಡಿಗೂ ಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ನೀನು ‘ಸೈಕಲ್ ಹಗುರವಾಗಿದೆ’ ಎಂದೆ. ಆ ಮಾತು ಇವತ್ತಿನವರೆಗೂ ನನಗೆ ಸಾಕಾಗಿದೆ, ಆದರೆ ಒಂಬತ್ತು ವರ್ಷದ ಹುಡುಗಿಗೆ ಅದು ಸಾಕಾಗಿರಲಾರದು.

ಸಂಬಳದ ವಿಷಯ. ಕೇಳಿದ ರೀತಿ ತಪ್ಪು. ಕೇಳಿದ್ದು ಪೂರ್ತಿ ತಪ್ಪೆಂದು ಇನ್ನೂ ಅನಿಸಿಲ್ಲ. ನಿನ್ನ ಅದೇ ಪುಸ್ತಕದಲ್ಲಿ ರಾಬರ್ಟ್ ಸ್ಟರ್ನ್‌ಬರ್ಗ್ ಎಂಬವರು 1986ರಲ್ಲಿ ಮಂಡಿಸಿದ ವಿವರಣೆಯಿದೆ: ಆಪ್ತತೆ, ಉತ್ಕಟತೆ, ಬದ್ಧತೆ ಈ ಮೂರು ಬೇರೆ ಬೇರೆ ಪ್ರಮಾಣದಲ್ಲಿ ಸೇರಿ ಬಗೆಬಗೆಯ ಪ್ರೀತಿಗಳಾಗುತ್ತವೆ ಎಂದು. ಉತ್ಕಟತೆ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಆದ್ದರಿಂದ ನೀನು ಮೆಚ್ಚಿದ ಆ ಹುಡುಗ ಕೋಪ ಬಂದಾಗ ಹೇಗಿರುತ್ತಾನೆ, ನಿನಗೆ ಜ್ವರ ಬಂದಾಗ ಏನು ಮಾಡುತ್ತಾನೆ, ತನ್ನ ಸಾಲದ ವಿಷಯವನ್ನು ನಿನ್ನಿಂದ ಮುಚ್ಚಿಡುತ್ತಾನೆಯೇ ಎಂಬುದನ್ನೆಲ್ಲ ನೀನು ಈಗಲೇ ಗಮನಿಸಬೇಕು, ಎರಡನೆಯದಾಗಿ... ನೋಡು, ಮತ್ತೆ ಪಾಠ ಶುರುವಾಯಿತು. ನಿಲ್ಲಿಸುತ್ತೇನೆ. ಇಪ್ಪತ್ತೆಂಟು ವರ್ಷದ, ತನ್ನ ದುಡಿಮೆಯಲ್ಲಿ ತಾನು ನಿಂತಿರುವ ಮಗಳಿಗೆ ಇದನ್ನು ಹೇಳಬೇಕಾಗಿಲ್ಲ. ಅಂದು ನನ್ನ ಕಣ್ಣಿಗೆ ಕಣ್ಣಿಟ್ಟು ನೀನು ಆ ಪ್ರಶ್ನೆ ಕೇಳಿದಾಗ, ಸಿಟ್ಟಿನ ನಡುವೆಯೂ ಹೆಮ್ಮೆಯಾಯಿತು. ನನ್ನ ಅಪ್ಪನನ್ನು ನಾನು ಹಾಗೆ ಕೇಳಿದವನಲ್ಲ.

ನನ್ನ ಹೆದರಿಕೆ ನಿಜವಾಗಿ ಆ ಹುಡುಗನ ಬಗ್ಗೆಯಲ್ಲ. ಮಮತೆಯ ಬೇರಿನಲ್ಲಿರುವುದು ‘ಮಮ’, ನನ್ನದು ಎಂಬ ಮಾತು. ನಿನ್ನನ್ನು ‘ನನ್ನ ಮಗಳು’ ಎನ್ನುವಾಗ ‘ಮಗಳು’ ಎಂಬುದಕ್ಕಿಂತ ‘ನನ್ನ’ ಎಂಬುದರ ಮೇಲೆಯೇ ಒತ್ತು ಹಾಕುತ್ತ ಬಂದೆನೇನೋ ಎಂದು ಈ ನಾಲ್ಕು ದಿನಗಳಿಂದ ಯೋಚಿಸುತ್ತಿದ್ದೇನೆ. ಅಂದು ಮೊಣಕಾಲಿನ ಕಲ್ಲುಗಳನ್ನು ನೀನೇ ತೆಗೆದುಕೊಂಡದ್ದನ್ನು ಕಂಡಾಗಲೂ, ತಪ್ಪಿತಸ್ಥ ಭಾವನೆಯ ಜೊತೆಗೆ, ಇವಳಿಗೆ ನಾನು ಬೇಕಾಗಿಲ್ಲ ಎಂಬ ಸಣ್ಣ ಅಳುಕು ಮೂಡಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ನೀವಿಬ್ಬರೂ ಬಿಡುವಾದಾಗ ಮನೆಗೆ ಬನ್ನಿ. ಸಂಬಳ ಕೇಳುವುದಿಲ್ಲ. ಬಾಯಿ ತಪ್ಪಿ ಕೇಳಿಬಿಟ್ಟರೆ ಮೇಜಿನ ಕೆಳಗೆ ಕಾಲು ತುಳಿಯುವುದಾಗಿ ನಿನ್ನ ಅಮ್ಮ ಈಗಾಗಲೇ ಹೇಳಿದ್ದಾಳೆ.

ಇಂತು,
ಅಪ್ಪ