ತಾಯಿ ಇದ್ದಾಳೆ, ತಾಯಿ ಕಾರ್ಡ್ ಇಲ್ಲ

ಸಂಪಾದಕರೇ,

‘ದತ್ತು ಸ್ವೀಕಾರ ಈಗ ಬಲು ಸರಳ’ ಎಂದು ಅಧಿಕಾರಿಯೊಬ್ಬರು ಹೇಳಿದ್ದನ್ನು ಮೊನ್ನೆ ದತ್ತು ಜಾಗೃತಿ ಮಾಸದ ವರದಿಯಲ್ಲಿ ಫೋಟೊ ಸಮೇತ ಹಾಕಿದ್ದೀರಿ. ದೀಪ ಬೆಳಗಲು ಎಷ್ಟು ಮಂದಿ ನಿಂತಿದ್ದಾರೆಂದು ನನ್ನ ಮಗಳು ಎಣಿಸಿದಳು. ಅವಳಿಗೆ ಹತ್ತರವರೆಗೆ ಮಾತ್ರ ಬರುತ್ತದೆ, ಹನ್ನೊಂದನೆಯವರನ್ನು ‘ಮತ್ತೆ ಇನ್ನೊಬ್ಬರು’ ಎಂದಳು. ಆ ಇನ್ನೊಬ್ಬರನ್ನಾದರೂ ವೇದಿಕೆಯಿಂದ ಇಳಿಸಿ, ನಿನ್ನೆ ನಾನು ನಿಂತಿದ್ದ ಕೌಂಟರಿಗೆ ಕಳುಹಿಸಿದ್ದರೆ ಈ ಪತ್ರ ಬರೆಯುವ ಕೆಲಸ ನನಗಿರುತ್ತಿರಲಿಲ್ಲ.

ಯಾವ ಕಚೇರಿ ಎಂದು ಬರೆಯುವುದಿಲ್ಲ. ಒಂದೇ ಫ್ಯಾನ್ ಇರುವ, ಅದೂ ಒಳಗಿನವರ ಕಡೆಗೆ ಮುಖ ಮಾಡಿರುವ ಕಚೇರಿ ಎಂದರೆ ಊರಿನವರಿಗೆ ಸಾಕು. ನನಗೆ ಆಗಬೇಕಿದ್ದದ್ದು ಇಷ್ಟೇ: ಮಗಳ ಜನನ ಪ್ರಮಾಣ ಪತ್ರದಲ್ಲಿ ನನ್ನ ಹೆಸರಿನ ಒಂದು ದೀರ್ಘ ಬಿಟ್ಟುಹೋಗಿದೆ, ಅದನ್ನು ಸೇರಿಸಬೇಕು. ದತ್ತು ಸಂಸ್ಥೆ ಅರ್ಜಿ ಹಾಕಿದ ಐದು ಕೆಲಸದ ದಿನಗಳೊಳಗೆ ದತ್ತು ತಂದೆತಾಯಿಯ ಹೆಸರಿನಲ್ಲಿ ಪ್ರಮಾಣ ಪತ್ರ ಕೊಡಬೇಕೆಂದು ನಿಯಮಾವಳಿಯಲ್ಲಿದೆ. ನಮಗೆ ಬಂದದ್ದು ಏಳು ತಿಂಗಳಿಗೆ. ದೀರ್ಘವೆಲ್ಲ ಕಾಯುವುದರಲ್ಲೇ ಖರ್ಚಾಗಿರಬೇಕು.

ಅರ್ಧ ದಿನ ರಜೆ ಹಾಕಿ, ಮಗಳ ಎಲ್‌ಕೆಜಿ ತಪ್ಪಿಸಿ, ಕದ್ರಿಯಿಂದ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಹೋದೆ. ಟೋಕನ್ 47. ಹನ್ನೊಂದೂಕಾಲಿಗೆ ಸರ್ವರ್ ಹೋಯಿತು. ಹನ್ನೊಂದೂಮುಕ್ಕಾಲಿಗೆ ಸರ್ವರ್ ಬಂತು, ಗುಮಾಸ್ತರು ಚಹಾಕ್ಕೆ ಹೋದರು. ಮಗಳಿಗೆ ಮೂತ್ರಕ್ಕೆ ಅವಸರ, ಶೌಚಾಲಯಕ್ಕೆ ಬೀಗ, ಕೀಲಿ ಇಟ್ಟುಕೊಂಡವರು ರಜೆ. ಎದುರಿನ ಹೋಟೆಲಿನವರನ್ನು ಕೇಳಿಕೊಂಡು, ಆ ಮುಲಾಜಿಗೆ ಒಂದು ಪ್ಲೇಟು ಗೋಳಿಬಜೆಯನ್ನೂ ಕೊಂಡು ಓಡಿ ಬಂದರೆ ಕಿಟಕಿಯಲ್ಲಿ 49ರವರು. ಮತ್ತೆ ಟೋಕನ್. ಈ ಸಲ 61.

ಕೊನೆಗೂ ಸರದಿ ಬಂತು. ದತ್ತು ಆದೇಶದ ಪ್ರತಿ ಕೊಟ್ಟೆ. ಗುಮಾಸ್ತರು ಅದನ್ನು ಓದದೆ ಮಗುಚಿ, ಹಿಂಬದಿ ಖಾಲಿ ಇರುವುದನ್ನು ಖಚಿತಪಡಿಸಿಕೊಂಡು, ‘ತಾಯಿ ಕಾರ್ಡ್ ಎಲ್ಲಿ?’ ಎಂದರು. ತಾಯಿ ಕಾರ್ಡ್ ಎಂದರೆ ಬಸುರಿಯರಿಗೆ ಆರೋಗ್ಯ ಇಲಾಖೆ ಕೊಡುವುದು. ತಪಾಸಣೆ, ಚುಚ್ಚುಮದ್ದು, ಕಬ್ಬಿಣದ ಮಾತ್ರೆಯ ಲೆಕ್ಕ ಬರೆಯುವಂಥದ್ದು. ‘ಸಾರ್, ಇದು ದತ್ತು ಮಗು’ ಎಂದು ದನಿ ತಗ್ಗಿಸಿ ಹೇಳಿದೆ. ಅವರು ತಗ್ಗಿಸಲಿಲ್ಲ. ‘ಅದು ಗೊತ್ತಾಯಿತು ಮೇಡಂ. ಮಗುವಿನ ನಿಜವಾದ ತಾಯಿಯ ಕಾರ್ಡ್ ಕೇಳಿದ್ದು. ತಿದ್ದುಪಡಿಗೆ ಬೇಕಾದ ದಾಖಲೆಗಳ ಪಟ್ಟಿಯಲ್ಲಿದೆ ನೋಡಿ, ಐದನೆಯದು.’

ಇಡೀ ಸಾಲು ತಿರುಗಿ ನೋಡಿತು. ಹಿಂದೆ ಯಾರೋ ಪಕ್ಕದವರಿಗೆ ತುಳುವಿನಲ್ಲಿ ‘ಸಾಂಕಿನ ಬಾಲೆ ಗೆ’ (ಸಾಕಿದ ಮಗುವಂತೆ) ಎಂದು ವಿವರಿಸಿದರು. ಹಿರಿಯರೊಬ್ಬರು ಮಗುವಿನ ಬರಿ, ಅಂದರೆ ತುಳುವರ ಕುಲ, ಯಾವುದೆಂದು ವಿಚಾರಿಸಿದರು. ಬರಿ ಬರುವುದು ತಾಯಿಯಿಂದ, ಆದ್ದರಿಂದ ‘ನನ್ನದೇ’ ಎಂದೆ. ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಇನ್ನೊಬ್ಬ ಹೆಂಗಸು ಕನಿಕರದಿಂದ ‘ನೀವು ಯಶೋದೆಯ ಹಾಗೆ’ ಎಂದರು. ಒಳ್ಳೆಯ ಮನಸ್ಸಿನ ಮಾತೇ. ಆದರೆ ಆ ಹೊತ್ತಿಗೆ ನನಗೆ ಯಶೋದೆಯಾಗುವ ಉಮೇದು ಇರಲಿಲ್ಲ, ಬರೀ ಟೋಕನ್ 61 ಆಗಿದ್ದರೆ ಸಾಕಿತ್ತು.

ಇಷ್ಟರಲ್ಲಿ ಮಗಳು ಗಾಜಿನ ಕೆಳಗಿನ ಸಂದಿಯಲ್ಲಿ ಕೈ ತೂರಿಸಿ, ಇಂಕ್ ಪ್ಯಾಡಿನಲ್ಲಿ ನಾಲ್ಕು ಬೆರಳು ಅದ್ದಿ, ಅರ್ಜಿಯ ಮೇಲೆ ಒತ್ತಿಬಿಟ್ಟಳು. ಸರಿಯಾಗಿ ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂಬಲ್ಲಿ. ಅರ್ಜಿ ಹಾಳಾಯಿತು, ಹೊಸತು ತನ್ನಿ ಎಂದರು. ಇಡೀ ಬೆಳಿಗ್ಗೆ ಆ ಕಿಟಕಿಯಲ್ಲಿ ನನ್ನ ಅರ್ಜಿಗೆ ಮೊಹರು ಬಿದ್ದದ್ದು ಅದೊಂದೇ.

ನಾನು ತಾಯಿಯಾದದ್ದೇ ಸರ್ಕಾರದ ಕಾಗದದಿಂದ, ಸ್ವಾಮಿ. ಕೇಂದ್ರದ ದತ್ತು ಪ್ರಾಧಿಕಾರದ ಪೋರ್ಟಲ್‌ನಲ್ಲಿ ಹೆಸರು ಹಾಕಿ ಮೂರು ವರ್ಷ ಕಾದವರು ನಾವು. ಆದಾಯ, ಆರೋಗ್ಯ, ಮದುವೆ, ಪಾನ್ ಎಲ್ಲ ಕೊಟ್ಟಿದ್ದೇವೆ. ಎರಡರಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸು ಕೂಡಿಸಿದರೆ 90 ದಾಟಬಾರದು, ಅದನ್ನೂ ಕೂಡಿಸಿ ನೋಡಿದ್ದಾರೆ. ಮನೆ ನೋಡಲು ಬಂದ ಸಮಾಜ ಕಾರ್ಯಕರ್ತೆ ಬಾವಿಗೆ ಬಲೆ ಹಾಕಿದೆಯೇ ಎಂದು ಬಗ್ಗಿ ನೋಡಿದರು; ಅದು ಸರಿಯಾದ ಕೆಲಸ, ಅವರ ಮೇಲೆ ದೂರಿಲ್ಲ. ಮೊದಲು ಕೋರ್ಟಿನಿಂದ ಬರುತ್ತಿದ್ದ ಆದೇಶವನ್ನು 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ಆ ದಿನದಿಂದ ಮಗು ಎಲ್ಲ ವಿಷಯಕ್ಕೂ ದತ್ತು ಪಡೆದವರದ್ದೇ ಎಂದು ಬಾಲನ್ಯಾಯ ಕಾಯ್ದೆಯ 63ನೇ ಸೆಕ್ಷನ್ ಹೇಳುತ್ತದೆ. ಅದೂ ಸಾಲದೆ, ಮಗು ಮನೆಗೆ ಬಂದಂದಿನಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಎಂಬ ವರದಿ. ಹೆತ್ತ ಯಾವ ತಾಯಿಯನ್ನೂ ಇಷ್ಟು ಪರೀಕ್ಷೆ ಮಾಡಿ ಪಾಸು ಮಾಡಿದ್ದು ನಾನು ಕಂಡಿಲ್ಲ. ಇಷ್ಟೆಲ್ಲ ಆಗಿ ಜಿಲ್ಲಾಧಿಕಾರಿಯ ಸಹಿ ಬಿದ್ದ ಕಾಗದವನ್ನು ನಂಬಲು ಗುಮಾಸ್ತರಿಗೆ ಕಬ್ಬಿಣದ ಮಾತ್ರೆಯ ಲೆಕ್ಕ ಬೇಕು!

ದತ್ತು ದಾಖಲೆಗಳ ಗೋಪ್ಯತೆ ಕಾಪಾಡಬೇಕೆಂಬ ನಿಯಮವೂ ಇದೆ. ಟೋಕನ್ 62, 63, 64ರವರಿಗೆಲ್ಲ ಈಗ ಅದು ಗೋಪ್ಯವಾಗಿ ಗೊತ್ತು. ಮಗಳಿಂದ ನಾವು ಏನನ್ನೂ ಮುಚ್ಚಿಟ್ಟಿಲ್ಲ. ಆದರೆ ಅವಳ ಕಥೆಯನ್ನು ಯಾರಿಗೆ, ಯಾವಾಗ ಹೇಳಬೇಕೆನ್ನುವುದು ಅವಳಿಗೆ ಬಿಟ್ಟದ್ದು. ಗುಮಾಸ್ತರ ತಲೆಯ ಮೇಲೆ ಕ್ಯಾಲೆಂಡರಿನಲ್ಲಿ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರು ನಿಂತಿದ್ದರು. ತಾಯಿ ತೀರಿದ ಮೇಲೆ ಅವರನ್ನು ಸಾಕಿದವನು ಸಾಯನ ಬೈದ್ಯ. ಆತನಲ್ಲಿ ಯಾರಾದರೂ ಪಟ್ಟಿಯ ಐದನೆಯದನ್ನು ಕೇಳಿದರೆಂದು ಹೇಳುವ ಪಾಡ್ದನವನ್ನು, ನಮ್ಮ ತುಳು ಕಥನಗೀತೆಯನ್ನು, ನಾನಂತೂ ಕೇಳಿಲ್ಲ.

ಇವರ ಪಟ್ಟಿಗಳೇ ಹೀಗೆ. 2017ರಲ್ಲಿ ಹೆರಿಗೆ ರಜೆಯ ಕಾಯ್ದೆ ತಿದ್ದಿದಾಗ ದತ್ತು ತಾಯಿಗೆ 12 ವಾರ ಎಂದು ಬರೆದರು, ಮಗು ಮೂರು ತಿಂಗಳೊಳಗಿನದಾಗಿದ್ದರೆ ಮಾತ್ರ. ಮಗುವನ್ನು ದತ್ತು ಕೊಡಲು ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಕೊಡುವ ಕಾಲವೇ ಎರಡು ತಿಂಗಳು. ಉಳಿದ ಒಂದು ತಿಂಗಳಲ್ಲಿ ಮಗು ಹಾರಿಕೊಂಡು ನಮ್ಮ ಮನೆಗೆ ಬರಬೇಕಿತ್ತು. ನಮ್ಮ ಬೀದಿಯ ಇಂಟರ್‌ಲಾಕ್ ಕೂಡ ಹಾಗೆಯೇ. ಎರಡು ವರ್ಷದಲ್ಲಿ ಮೂರು ಸಲ ಅಗೆದರು. ಒಮ್ಮೆ ನೀರಿಗೆ, ಒಮ್ಮೆ ಗ್ಯಾಸಿಗೆ, ಮೂರನೆಯದು ಯಾಕೆಂದು ಅಗೆದವರಿಗೂ ಗೊತ್ತಿರಲಿಲ್ಲ. ಪಂಪ್‌ವೆಲ್ ಮೇಲ್ಸೇತುವೆಗೆ ವರ್ಷಗಟ್ಟಲೆ, 2020ರವರೆಗೆ ಕಾದ ಊರಿಗೆ ಒಂದು ದೀರ್ಘ ಯಾವ ಲೆಕ್ಕ ಎಂದು ಅವರು ತಿಳಿದಿರಬೇಕು.

ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಸಂಬಂಧಪಟ್ಟವರು ಯಾರೆಂದು ನನ್ನನ್ನು ಕೇಳಬೇಡಿ, ನಿನ್ನೆ ಮೂರು ಕಿಟಕಿಗಳಲ್ಲಿ ಕೇಳಿದೆ, ಮೂವರೂ ಸಂಬಂಧವಿಲ್ಲ ಎಂದರು. ಪಟ್ಟಿಯಿಂದ ಆ ಐದನೆಯದನ್ನು ತೆಗೆಯಲಿ. ಇಲ್ಲವೇ ನನಗೂ ಒಂದು ತಾಯಿ ಕಾರ್ಡ್ ಮಾಡಿಸಿಕೊಡಲಿ, ಮಾತ್ರೆ ನುಂಗಲು ಸಿದ್ಧಳಿದ್ದೇನೆ. ಎರಡೂ ಆಗದಿದ್ದರೆ ಶೌಚಾಲಯದ ಬೀಗಕ್ಕೆ ಇನ್ನೊಂದು ಕೀಲಿಯಾದರೂ ಮಾಡಿಸಲಿ. ಸೋಮವಾರ ಮತ್ತೆ ಹೋಗುತ್ತಿದ್ದೇನೆ, ಮಗಳನ್ನು ಕರೆದುಕೊಂಡೇ. ಇಂಕ್ ಪ್ಯಾಡನ್ನು ದೂರ ಇಟ್ಟುಕೊಳ್ಳಲಿ.

— ಓರ್ವ ತಾಯಿ, ಕದ್ರಿ, ಮಂಗಳೂರು
(ಮಗಳ ಕಾರಣಕ್ಕೆ ಹೆಸರು ಹಾಕಬೇಡಿ. ಹಾಕಿದರೂ ದೀರ್ಘ ಬಿಟ್ಟೇ ಹಾಕುತ್ತೀರಿ.)