ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಉಳಿದದ್ದೆಲ್ಲ ಓದಿ ಖುಷಿಪಟ್ಟೆ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, ‘ಚಿಕ್ಕಮ್ಮ, ಹೊಟ್ಟೆಯಲ್ಲಿರುವ ಈ ಮಗುವಿಗೂ ನನ್ನ ಕಣ್ಣಿನ ಕಾಯಿಲೆ ನಾನೇ ಕೊಟ್ಟುಬಿಟ್ಟರೆ?’ ಅಂತ, ಅಲ್ಲೇ ನಿಂತುಬಿಟ್ಟಿದ್ದೇನೆ. ನಿನ್ನೆ ರಾತ್ರಿ ಎದ್ದು ದೀಪ ಹಾಕಿಕೊಂಡು ಮತ್ತೆ ಅದೇ ಸಾಲು ಓದಿದೆ.

ನಿನ್ನ ಆಪರೇಷನ್, ನಿಮ್ಮಮ್ಮ ಪಟ್ಟ ಪಾಡು, ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಮ್ಮಿಬ್ಬರಿಗೂ ಗೊತ್ತಿರುವುದೇ. ‘ಕೊಡುವುದು’ ಅನ್ನುವ ಮಾತು ನನ್ನನ್ನು ಬಿಡುತ್ತಿಲ್ಲ. ನಿಮ್ಮಮ್ಮನೂ ಒಮ್ಮೆ ಹೀಗೇ ಕೇಳಿದ್ದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ‘ನನ್ನ ಹೊಟ್ಟೆಯಿಂದಲೇ ಬಂತು, ಅಲ್ವಾ?’ ಅಂತ. ನಾನು ಏನೂ ಹೇಳಲಿಲ್ಲ. ಎಷ್ಟೋ ವರ್ಷ ಆದಮೇಲೆ ಮೂವರ ರಕ್ತವನ್ನೂ ಪರೀಕ್ಷೆ ಮಾಡಿದರು. ಅವಳಲ್ಲೂ ಇರಲಿಲ್ಲ, ನಿಮ್ಮಪ್ಪನಲ್ಲೂ ಇರಲಿಲ್ಲ. ನಿನ್ನ ಜೀನ್‌ನಲ್ಲೇ ಹೊಸದಾಗಿ ಆದ ಬದಲಾವಣೆ ಅದು. ಎರಡೂ ಕಣ್ಣಿಗೆ ರೆಟಿನೋಬ್ಲಾಸ್ಟೋಮಾ, ಅಂದರೆ ಕಣ್ಣಿನ ಒಳಪದರದ ಈ ಕ್ಯಾನ್ಸರ್, ಬಂದ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಅದಕ್ಕೆ ಮೊದಲು ಯಾರಿಗೂ ಇರುವುದಿಲ್ಲವಂತೆ. ಅಷ್ಟು ಹೊತ್ತಿಗೆ ಅವಳು 18 ವರ್ಷ ತನ್ನದೇ ತಪ್ಪು ಅಂದುಕೊಂಡೇ ಕಳೆದಿದ್ದಳು.

ಆವತ್ತು ಡಾಕ್ಟರ್ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. 13ನೇ ಕ್ರೋಮೊಸೋಮ್, ಆರ್‌ಬಿ1 ಜೀನ್. ಎಲ್ಲರಲ್ಲೂ ಅದರ ಎರಡು ಪ್ರತಿ ಇರುತ್ತವೆ. ನಿನ್ನಲ್ಲಿ ಒಂದು ಸರಿ ಇದೆ, ಒಂದು ಕೆಟ್ಟಿದೆ. ಮಗುವಿಗೆ ಯಾವುದು ಹೋಗಿದೆ ಅನ್ನುವುದು ಅರ್ಧಕ್ಕರ್ಧ. ಸರಿ ಇರುವುದು ಹೋಗಿದ್ದರೆ ಅಲ್ಲಿಗೇ ಮುಗಿಯಿತು, ಅದರ ಮಕ್ಕಳಿಗೂ ದಾಟುವುದಿಲ್ಲ. ಕೆಟ್ಟದ್ದು ಹೋಗಿದ್ದರೂ ಅದೊಂದರಿಂದಲೇ ಗೆಡ್ಡೆ ಆಗುವುದಿಲ್ಲ. ಕಣ್ಣಿನ ಒಳಪದರದ ಯಾವುದೋ ಒಂದು ಜೀವಕೋಶದಲ್ಲಿ ಎರಡನೆಯ ಪ್ರತಿಗೂ ಏಟು ಬೀಳಬೇಕು. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಅನ್ನುವ ವೈದ್ಯರು ಇದನ್ನು ಲೆಕ್ಕ ಹಾಕಿ ತೋರಿಸಿದರಂತೆ. ಆ ಎರಡನೇ ಏಟು ತಾಯಿಯಿಂದ ಬರುವುದಲ್ಲ, ಪುಟ್ಟಿ. ಆದರೂ ಕೆಟ್ಟ ಪ್ರತಿ ಬಂದ 10 ಮಕ್ಕಳಲ್ಲಿ ಸುಮಾರು 9 ಮಕ್ಕಳಿಗೆ ಗೆಡ್ಡೆ ಬರುತ್ತದೆ. ಇದನ್ನು ನಿನ್ನಿಂದ ಮುಚ್ಚಿಡಲಾರೆ. ಒಮ್ಮೆ ಮುಚ್ಚಿಟ್ಟದ್ದೇ ಸಾಕಾಗಿದೆ.

ಅದು ನಿನಗೆ ಗೊತ್ತಿಲ್ಲ. ನಿನಗೆ ಹತ್ತು ತಿಂಗಳಿದ್ದಾಗ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದಿದ್ದೆ. ರೋಲ್ ತೊಳೆಸಿಕೊಂಡು ಬಂದು ನೋಡಿದರೆ ಬಲಗಣ್ಣಿನ ಪಾಪೆ ಕೆಂಪಗಿದೆ, ಎಡಗಣ್ಣಿನದು ಬೆಳ್ಳಗೆ, ಗುಂಡಗೆ, ಬೆಳ್ಳಿ ನಾಣ್ಯದ ಹಾಗೆ ಹೊಳೆಯುತ್ತಿದೆ. ಫೋಟೊ ಕೆಟ್ಟಿದೆ ಅಂತ ಆಲ್ಬಮ್ಮಿಗೆ ಹಾಕದೆ ಕವರಿನಲ್ಲೇ ಬಿಟ್ಟೆ. ಆಮೇಲೊಂದು ಸಂಜೆ ದೀಪದ ಬೆಳಕು ಓರೆಯಾಗಿ ಬಿದ್ದಾಗ ನಿನ್ನ ಕಣ್ಣಲ್ಲೇ ಆ ಬಿಳುಪು ಕಂಡಿತು. ಆಗಲಾದರೂ ಹೇಳಬೇಕಿತ್ತು. ಅಕ್ಕ ಸುಮ್ನೆ ಹೆದರಿಕೊಳ್ಳುತ್ತಾಳೆ ಅಂತ ಬಾಯಿ ಮುಚ್ಚಿಕೊಂಡೆ. ನಿನಗೆ ಮೆಳ್ಳೆಗಣ್ಣು ಬಂತು ಅಂತ ಅವಳೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಏಳು ತಿಂಗಳು ದಾಟಿತ್ತು. ಬಲಗಣ್ಣಲ್ಲಿದ್ದದ್ದು ಸಣ್ಣ ಚುಕ್ಕೆ, ಅದು ಉಳಿಯಿತು. ಎಡಗಣ್ಣು ಉಳಿಯಲಿಲ್ಲ.

ಬೇಗ ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ. ಬಿಳುಪು ಕಾಣುವ ಹೊತ್ತಿಗೆ ಗೆಡ್ಡೆ ಸಾಕಷ್ಟು ಬೆಳೆದಿರುತ್ತದಂತೆ. ಅಕ್ಕನಿಗೆ ಇದನ್ನು ಹೇಳಲೇ ಇಲ್ಲ. ಈಗ ಹೇಳೋಣ ಅಂದರೆ ಅವಳಿಲ್ಲ.

ನಿನ್ನ ಮಗುವಿನ ಕಣ್ಣನ್ನು ಬಿಳುಪು ಕಾಣುವುದಕ್ಕೆ ಮೊದಲೇ ನೋಡುತ್ತಾರೆ. ಹುಟ್ಟಿದ ಮೊದಲ ವಾರದಲ್ಲೇ, ಆಮೇಲೆ ಕೆಲವು ವಾರಗಳಿಗೊಮ್ಮೆ. ಚುಕ್ಕೆಯಷ್ಟಿರುವಾಗಲೇ ಸಿಕ್ಕಿದರೆ ಲೇಸರ್‌ನಿಂದಲೋ ತಣ್ಣಗೆ ಹೆಪ್ಪುಗಟ್ಟಿಸಿಯೋ ತೆಗೆಯುತ್ತಾರೆ. ನಿನ್ನ ಬಲಗಣ್ಣಿಗೆ ಮಾಡಿದ್ದೂ ಅದೇ ಅಲ್ವಾ? ನಿನ್ನ ಹಳೇ ರಕ್ತದ ರಿಪೋರ್ಟ್ ಹುಡುಕಿಡು. ಜೀನ್‌ನಲ್ಲಿ ಎಲ್ಲಿ ಕೆಟ್ಟಿದೆ ಅಂತ ಅದರಲ್ಲಿರುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದೇ ಜಾಗ ನೋಡಿದರೆ ಸಾಕು. ಹೆರಿಗೆಗೆ ಮೊದಲೇ ಕೇಳಿಡಬೇಕು. ಹೊಟ್ಟೆಯಲ್ಲಿರುವಾಗಲೇ ಮಗುವಿನ ಸುತ್ತ ಇರುವ ನೀರು ತೆಗೆದು ನೋಡುವುದೂ ಇದೆ. ಮಾಡಿಸು ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ಅದು ನಿಮ್ಮಿಬ್ಬರ ಮಾತು. ಇದನ್ನೆಲ್ಲ ಡಾಕ್ಟರ್ ಹೇಳಿರುತ್ತಾರೆ, ಚಿಕ್ಕಮ್ಮ ಮಧ್ಯೆ ಬಾಯಿ ಹಾಕಿದಳು ಅಂದುಕೊಳ್ಳಬೇಡ.

ಮತ್ತೆ ಅದೇ ಸಾಲಿಗೆ ಬಂದೆ ನೋಡು. ಈ ಮಗುವನ್ನು ಹೆರುವುದೇ ತಪ್ಪು ಅನ್ನುವುದಾದರೆ ನಿನ್ನನ್ನು ಹೆತ್ತದ್ದೂ ತಪ್ಪು ಅಂದ ಹಾಗಾಯಿತು. ಅದನ್ನು ನಾನು ಒಪ್ಪುವುದಿಲ್ಲ. ನಿಮ್ಮಮ್ಮ ಅಷ್ಟೆಲ್ಲ ನೊಂದರೂ ಒಂದು ದಿನವೂ ಹಾಗೆ ಅನ್ನಲಿಲ್ಲ.

ಒಂದು ಮರೆತಿದ್ದೆ. ಕಾಲಲ್ಲಿ ಮೂಳೆ ನೋವು, ಗಂಟು ಏನಾದರೂ ಕಂಡರೆ ಅಲಕ್ಷ್ಯ ಮಾಡಬೇಡ. ಈ ಜೀನ್‌ನ ಕೆಟ್ಟ ಪ್ರತಿ ಇದ್ದವರಿಗೆ ಮುಂದೆ ಬೇರೆ ಕಡೆಯೂ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. ನೀನು ಮಗುವಿನ ಚಿಂತೆಯಲ್ಲಿ ನಿನ್ನನ್ನೇ ಮರೆಯುತ್ತೀಯ.

ಆ ಫೋಟೊ ಇನ್ನೂ ನನ್ನ ಹತ್ತಿರವೇ ಇದೆ. ಇದನ್ನು ಓದಿದ ಮೇಲೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಆದರೂ ಮಗುವಿನ ಮೊದಲ ಪರೀಕ್ಷೆಯ ದಿನ ಯಾವಾಗ ಅಂತ ಬರೆ. ನಾನು ಬರಬಹುದಾ? ಒಳಗೆ ಬೇಡ ಅಂದರೆ ಹೊರಗೇ ಕೂತಿರುತ್ತೇನೆ.

ನಿನ್ನ
ಚಿಕ್ಕಮ್ಮ