ಶಾಲೆಗಳಿಗೆ ಎಸ್‌ಡಿಆರ್ ಡಾಂಗಲ್ ಕೊಡಿ

ಮಾನ್ಯರೇ,

ರೇಡಿಯೋ ತರಂಗವನ್ನು ಕಣ್ಣಾರೆ ಕಾಣಲು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ, ಸಾಫ್ಟ್‌ವೇರ್‌ನಿಂದ ನಡೆಯುವ ಪುಟ್ಟ ರೇಡಿಯೋ ರಿಸೀವರ್), ಒಂದು ಆಂಟೆನಾ ಮತ್ತು ವೆಬ್‌ಯುಎಸ್‌ಬಿ (ವೆಬ್ ಪುಟವೇ ಯುಎಸ್‌ಬಿ ಸಾಧನವನ್ನು ನೇರವಾಗಿ ಬಳಸುವ ಸೌಲಭ್ಯ) ಇರುವ ಕ್ರೋಮ್ ಬ್ರೌಸರ್ ಸಾಕು. ವಿಂಡೋಸ್‌ನಲ್ಲಿ ಮೊದಲು ಝಾಡಿಗ್ ಎಂಬ ತಂತ್ರಾಂಶದಿಂದ ಡಾಂಗಲ್‌ಗೆ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು. ಬಹಳ ಮಂದಿ ಎಡವುವುದು ಇಲ್ಲೇ.

ಮಡಿಕೇರಿ ಆಕಾಶವಾಣಿಯ 103.1 ಮೆಗಾಹರ್ಟ್ಸ್‌ಗೆ ತಲಾ 69 ಸೆಂ.ಮೀ. ಉದ್ದದ ಎರಡು ತಂತಿಗಳ ಡೈಪೋಲ್ ಆಂಟೆನಾ ಮಾಡಿ ಕಿಟಕಿಯ ಬಳಿ ಕಟ್ಟಿ. ಪರದೆಯ ಮೇಲೆ ಸಿಗ್ನಲ್ಲಿನ ಪಟ್ಟಿ ಮಾತು, ಹಾಡಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದನ್ನು ಮಕ್ಕಳು ನೋಡಲೇಬೇಕು! ಒಂದೇ ನಿಲಯ ನಾಲ್ಕು ಕಡೆ ಕಂಡರೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಅತಿಯಾಗಿದೆ, ತಗ್ಗಿಸಿ. ಸಮಾನ ಅಂತರದ ಗೆರೆಗಳು ಎದ್ದರೆ ಅದು ಮನೆಯ ಉಪಕರಣಗಳ ಅಡಚಣೆಯಿರಬಹುದು; ಎಲ್‌ಇಡಿ ಬಲ್ಬ್, ಚಾರ್ಜರ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಬೆಟ್ಟದ ಮರೆಯ ಊರುಗಳಲ್ಲಿ ಆಂಟೆನಾ ಎತ್ತರಿಸದೆ ಗತ್ಯಂತರವಿಲ್ಲ.

ಕೊಡಗಿನ ಪ್ರತಿ ಪ್ರೌಢಶಾಲೆಯ ಪ್ರಯೋಗಾಲಯಕ್ಕೂ ಇಂಥದ್ದೊಂದು ಡಾಂಗಲ್ ಅನ್ನು ಶಿಕ್ಷಣ ಇಲಾಖೆ ಒದಗಿಸಲಿ.

– ರೇಡಿಯೋ ಆಸಕ್ತರು, ಸೋಮವಾರಪೇಟೆ